ನಾನು ನನ್ನ ಮಗಳ ಜೊತೆ ಮಾತಾಡಿದ ಪ್ರಸಂಗ

ಮಾತು ನನ್ನ ಕಸುಬು. ರೇಷ್ಮೆ ಇಲಾಖೆಯ ಪ್ರದರ್ಶಕನಾಗಿ ಶಿಡ್ಲಘಟ್ಟದ ಸುತ್ತಮುತ್ತಲ ಹಳ್ಳಿಗಳಲ್ಲಿ ವರ್ಷಗಟ್ಟಲೆ ಸೈಕಲ್ ತುಳಿದವನು ನಾನು. ಹುಳು ಸಾಕುವ ಮನೆಯನ್ನು ಹೇಗೆ ತೊಳೆಯಬೇಕು, ಮರಿಹುಳುವಿಗೆ ಸೊಪ್ಪನ್ನು ಎಷ್ಟು ಸಣ್ಣಗೆ ಕೊಚ್ಚಬೇಕು, ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ‘ಜ್ವರ’ಕ್ಕೆ ಕೂತಾಗ ಅದನ್ನು ಏಕೆ ಕೆಣಕಬಾರದು ಎಂದು ಅರಳೀಕಟ್ಟೆಯ ಮೇಲೆ ನಿಂತು ಎರಡು ಗಂಟೆ ಹೊತ್ತು ಹೇಳಬಲ್ಲೆ. ಕೇಳುವವರು ಎದ್ದು ಹೋದ ಮೇಲೂ ಹೇಳಬಲ್ಲೆ.

ಆದ್ದರಿಂದ, ಮಗಳು ಶೈಲ ಎಸ್ಸೆಸ್ಸೆಲ್ಸಿ ಓದುತ್ತಿದ್ದ ವರ್ಷ, ಅವಳ ಹೈಸ್ಕೂಲಿನ ಹೆಡ್ಮಾಸ್ತರರು ಪೋಷಕರ ಸಭೆಯಲ್ಲಿ ನಾಲ್ಕು ಮಾತಾಡಿ ಎಂದು ಕೇಳಿದಾಗ ನಾನು ಹಿಂದೆ ಮುಂದೆ ನೋಡಲಿಲ್ಲ. ವಿಷಯ: ‘ಹೆತ್ತವರು ಮಕ್ಕಳೊಡನೆ ಮಾತಾಡುವುದು ಹೇಗೆ’. ನಾಲ್ಕು ಮಾತು ಕೇಳಿದ್ದವರಿಗೆ ನಲವತ್ತು ನಿಮಿಷ ಕೊಟ್ಟೆ. ಮಕ್ಕಳನ್ನು ಗೆಳೆಯರಂತೆ ಕಾಣಿ ಎಂದೆ. ಅವರ ಮನಸ್ಸಿನಲ್ಲಿ ಏನಿದೆ ಎಂದು ಬಾಯಿಬಿಟ್ಟು ಕೇಳಿ ಎಂದೆ. ಬಾಯಿಬಿಟ್ಟು ಕೇಳದ ತಂದೆ ತಂದೆಯೇ ಅಲ್ಲ ಎಂದು ಮೇಜು ಗುದ್ದಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಇಬ್ಬರು ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹೆಡ್ಮಾಸ್ತರರು ಒಂದು ಹಾರ, ಒಂದು ನಿಂಬೆಹಣ್ಣು ಕೊಟ್ಟು, ಇಂಥ ತಂದೆ ಊರಿಗೊಬ್ಬರಿದ್ದರೆ ಸಾಕು ಎಂದರು.

ಸಂಜೆ ಮನೆಗೆ ಬಂದು ಕುರ್ಚಿಯಲ್ಲಿ ಕೂತೆ. ಎದುರಿಗೆ ಚಾಪೆಯ ಮೇಲೆ ಶೈಲ ಓದುತ್ತಿದ್ದಳು. ಹೆಂಡತಿ ಸುಶೀಲೆ ಕಾಫಿ ತಂದುಕೊಟ್ಟಳು. ನಾನು ಗಂಭೀರವಾಗಿ ಸುಶೀಲೆಗೆ ಹೇಳಿದೆ: "ನನ್ನ ಭಾಷಣ ಹೆಂಗಿತ್ತು ಅಂತ ಅವಳನ್ನ ಕೇಳು."

ಸುಶೀಲೆ ಮಗಳ ಕಡೆ ತಿರುಗಿ, "ಭಾಷಣ ಹೆಂಗಿತ್ತು ಅಂತ ಅಪ್ಪ ಕೇಳ್ತಿದಾರೆ ಕಣೇ" ಎಂದಳು.

"ಚೆನ್ನಾಗಿತ್ತು ಅಂತ ಹೇಳಮ್ಮ" ಎಂದಳು ಶೈಲ, ಪುಸ್ತಕದಿಂದ ತಲೆ ಎತ್ತದೆ.

"ಚೆನ್ನಾಗಿತ್ತಂತೆ ಕಣ್ರೀ" ಎಂದಳು ಸುಶೀಲೆ.

ನನಗೆ ತುಂಬಾ ಸಂತೋಷವಾಯಿತು. ಇದರಲ್ಲಿ ಏನೋ ಐಬು ಇದೆ ಎಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ! ಸುಶೀಲೆಗೆ ಹೊಳೆದಿದ್ದರೂ ಇರಬಹುದು, ಅವಳು ಹೇಳಲಿಲ್ಲ. ಬೇರೆಯವರ ಮಾತನ್ನು ದಾಟಿಸುವುದರಲ್ಲೇ ಅವಳ ದಿನ ಮುಗಿದುಹೋಗುತ್ತಿತ್ತು.

ಇದು ನಮ್ಮ ವಂಶದ ಪದ್ಧತಿ. ತೊಂಡೇಬಾವಿ ಹತ್ತಿರದ ಹಳ್ಳಿಯಲ್ಲಿ ನಮ್ಮಪ್ಪ ನನ್ನ ಜೊತೆ ನೇರವಾಗಿ ಮಾತಾಡಿದ್ದನ್ನು ಬೆರಳಲ್ಲಿ ಎಣಿಸಬಹುದು, ಅದರಲ್ಲೂ ಎರಡು ಸಲ ನನ್ನನ್ನು ಬೇರೆ ಯಾರೋ ಎಂದುಕೊಂಡು ಕರೆದದ್ದು. ಉಳಿದದ್ದೆಲ್ಲ ಅಮ್ಮನ ಮೂಲಕ. ‘ನಿನ್ನ ಮಗನಿಗೆ ಹೇಳು, ದನ ಹಿಡ್ಕೊಂಡು ಬರಲಿ’ ಎಂದು ನನ್ನೆದುರಿಗೇ ಹೇಳುತ್ತಿದ್ದರು. ಅಮ್ಮ ಹೇಳುವ ತನಕ ನಾನೂ ಕಾಯುತ್ತಿದ್ದೆ. ಅಮ್ಮ ಹೇಳುವ ಮೊದಲೇ ಎದ್ದರೆ ಅದು ಅವಿಧೇಯತೆ ಆಗುತ್ತಿತ್ತು. ಶೈಲ ಚಿಕ್ಕವಳಿದ್ದಾಗ ನಾನು ಅವಳನ್ನು ಎತ್ತಿ ಆಡಿಸಿದವನೇ. ಎತ್ತರಕ್ಕೆ ಬೆಳೆದು ಲಂಗ ದಾವಣಿ ಉಟ್ಟ ಮೇಲೆ, ಯಾವತ್ತು ಎಂದು ಗೊತ್ತಾಗದ ಹಾಗೆ, ನಾವಿಬ್ಬರೂ ಸುಶೀಲೆಯ ಎರಡು ಪಕ್ಕಕ್ಕೆ ಸರಿದುಬಿಟ್ಟಿದ್ದೆವು.

ಸುಶೀಲೆ ನನ್ನ ಅಮ್ಮನಿಗಿಂತ ಒಂದು ಕೈ ಮೇಲು. ಅವಳು ಮಾತನ್ನು ಇದ್ದ ಹಾಗೇ ದಾಟಿಸುತ್ತಿರಲಿಲ್ಲ, ತೊಳೆದು, ಕಲ್ಲು ಆರಿಸಿ ದಾಟಿಸುತ್ತಿದ್ದಳು. ‘ಆ ರೇಡಿಯೋ ಎತ್ತಿ ಬೀದಿಗೆ ಎಸೀತೀನಿ ಅಂತ ಹೇಳು’ ಎಂದು ನಾನು ಗುಡುಗಿದರೆ ಅದು ಒಳಮನೆಗೆ ಹೋಗುವ ಹೊತ್ತಿಗೆ ‘ಅಪ್ಪನಿಗೆ ತಲೆನೋವಂತೆ ಕಣಮ್ಮ, ಸ್ವಲ್ಪ ಸಣ್ಣಗಿಡು’ ಎಂದಾಗಿರುತ್ತಿತ್ತು. ಅಲ್ಲಿಂದ ಬರುವುದೂ ಹಾಗೇ ತೊಳೆದುಕೊಂಡು ಬರುತ್ತಿತ್ತು. ಆದ್ದರಿಂದ ನನ್ನ ಮಗಳು ಬಹಳ ವಿನಯವಂತೆ ಎಂದು ನಾನೂ, ಅಪ್ಪನಿಗೆ ಸದಾ ತಲೆನೋವು ಎಂದು ನನ್ನ ಮಗಳೂ ನಂಬಿದ್ದೆವು.

ಫಲಿತಾಂಶ ಬಂತು. ಶೈಲ ಫಸ್ಟ್ ಕ್ಲಾಸು. ಅವಳು ಟಿ.ಸಿ.ಎಚ್. ಸೇರಬೇಕೆಂದು ನಾನು ಅವತ್ತೇ ತೀರ್ಮಾನಿಸಿದೆ. ಎರಡು ವರ್ಷ ಓದಿದರೆ ಮೇಷ್ಟರ ಕೆಲಸ, ಊರಿನವರ ಗೌರವ, ಬೇಸಿಗೆ ರಜ. ಚಿಂತಾಮಣಿಯಲ್ಲಿ ಕಾಲೇಜಿತ್ತು. ಅರ್ಜಿ ತಂದೆ. ‘ಅವಳಿಗೆ ಹೇಳು’ ಎಂದು ಸುಶೀಲೆಯ ಕೈಗೆ ಕೊಟ್ಟೆ. ಅವಳು ಅರ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು, ಸಮಯ ನೋಡಿ ಹೇಳುತ್ತೇನೆ ಎಂದಳು.

ಆ ಸಮಯ ಬರುವುದಕ್ಕೆ ಮುಂಚೆ ಸುಶೀಲೆಯ ಗಂಟಲು ಹೋಯಿತು. ಮೊದಲು ಕರಕರ ಎಂದಿತು, ಆಮೇಲೆ ಬರೀ ಗಾಳಿ ಬಂತು. ಚಿಕ್ಕಬಳ್ಳಾಪುರದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಟಾರ್ಚು ಬಿಟ್ಟು ನೋಡಿ, ಗಂಟಲಿಗೆ ಅತಿಯಾಗಿ ದುಡಿಮೆಯಾಗಿದೆ, ಇವರು ಟೀಚರಾ ಎಂದು ಕೇಳಿದರು. ಇಲ್ಲ ಎಂದೆ. ಮನೆಯಲ್ಲಿ ತುಂಬಾ ಜನವಾ ಎಂದರು. ಮೂರೇ ಜನ ಎಂದೆ. ಹತ್ತು ದಿನ ತುಟಿ ಪಿಟಕ್ ಎನ್ನಬಾರದು, ಪಿಸುಮಾತೂ ಕೂಡದು ಎಂದು ಬರೆದುಕೊಟ್ಟರು. ಅರ್ಜಿ ಕೊಡಲು ಕೊನೆಯ ದಿನಕ್ಕೆ ಇನ್ನು ಆರೇ ದಿನ ಇತ್ತು.

ಪಕ್ಕದ ಮನೆಯ ದಸ್ತಗೀರ್ ಸಾಬರು ತಮ್ಮ ಕಿರಿಯ ಮಗಳ ಸ್ಲೇಟು ಬಳಪ ತಂದುಕೊಟ್ಟರು. ಅವರದು ರೇಷ್ಮೆ ನೂಲು ತೆಗೆಯುವ ಕಸುಬು. ಮನೆ ಹಿಂದೆಯೇ ಚರಕಗಳು. ಬೆಳಗಿನಿಂದ ಸಂಜೆವರೆಗೆ ಆ ಸದ್ದಿನ ಮೇಲೂ ಅವರೂ ಅವರ ಮಕ್ಕಳೂ ಕೂಗಿ ಹರಟುತ್ತಿದ್ದುದು ನಮಗೆ ಕೇಳಿಸುತ್ತಿತ್ತು. ಅದನ್ನು ನಾನು ಗಲಾಟೆ ಎಂದು ಕರೆಯುತ್ತಿದ್ದೆ.

ಸ್ಲೇಟು ಸಿಕ್ಕಿದ್ದು ದೇವರು ಕೊಟ್ಟ ಹಾಗಾಯಿತು. ಸುಶೀಲೆಯ ಮುಂದೆ ಕೂತು, ಅವಳು ಟಿ.ಸಿ.ಎಚ್.ಗೆ ಏನಂತಾಳೆ ಕೇಳಿ ಬರೆದುಕೊಡು ಎಂದೆ. ಸುಶೀಲೆ ಬಳಪ ತೆಗೆದುಕೊಂಡು ದೊಡ್ಡದಾಗಿ ಎರಡೇ ಪದ ಬರೆದಳು: ‘ನೀವೇ ಕೇಳಿ.’

ಅದೇನು ಮಹಾ ಎಂದುಕೊಂಡೆ. ಮುನ್ನೂರು ಜನ ರೈತರನ್ನು ಕೂರಿಸಿಕೊಂಡು ಮಾತಾಡಿದವನಿಗೆ ಒಬ್ಬ ಹುಡುಗಿ ಯಾವ ಲೆಕ್ಕ? ಅಂದು ಸಂಜೆ ನಡುಮನೆಗೆ ಹೋದೆ. ಶೈಲ ಬಟ್ಟೆ ಮಡಿಸುತ್ತಿದ್ದಳು. ಬಾಯಿ ತೆರೆದೆ. ಮೊದಲ ವಾಕ್ಯಕ್ಕೆಂದು ತಲೆಯೊಳಗೆ ಹುಡುಕಿದರೆ ಅಲ್ಲಿ ಒಂದೂ ಇರಲಿಲ್ಲ. ಕೊನೆಗೆ, "ಊಟ ಆಯ್ತಾ?" ಎಂದೆ. ಆಗ ಸಂಜೆ ಐದೂವರೆ. ಅವಳು ಗಾಬರಿಯಿಂದ ಗಡಿಯಾರ ನೋಡಿ ಇನ್ನೂ ಇಲ್ಲ ಎಂದಳು. ನಾನು ಸರಿ ಎಂದು ಹೊರಗೆ ಬಂದೆ. ಆರೂವರೆಗೆ ಮತ್ತೆ ಹೋಗಿ ಅದನ್ನೇ ಕೇಳಿದೆ. ಏಳೂವರೆಗೆ ಹೋದಾಗ ಅವಳು ನನ್ನನ್ನು ಕಂಡೊಡನೆ ಎದ್ದು ಹೋಗಿ ತಟ್ಟೆ ಹಾಕಿಕೊಂಡು ಊಟಕ್ಕೆ ಕೂತುಬಿಟ್ಟಳು. ನನಗೇ ಹಸಿವಾಗಿದೆ, ಬಾಯಿಬಿಟ್ಟು ಹೇಳಲಾರದೆ ಸುತ್ತುತ್ತಿದ್ದೇನೆ ಎಂದುಕೊಂಡು ಸುಶೀಲೆ ನನಗೂ ತಟ್ಟೆ ಇಟ್ಟಳು. ಇಬ್ಬರೂ ಎದುರುಬದುರು ಕೂತು ಮುದ್ದೆ ನುಂಗಿದೆವು. ಮುದ್ದೆ ನುಂಗುವಾಗ ಮಾತಾಡಬಾರದು ಎಂಬ ನಿಯಮ ಮಾಡಿದ್ದವನು ನಾನೇ!

ಎರಡು ದಿನ ಹೀಗೆ ಹೋಯಿತು. ಮೂರನೆಯ ದಿನ ನನ್ನ ವೃತ್ತಿಯ ಅನುಭವವನ್ನೆಲ್ಲ ಒಟ್ಟುಗೂಡಿಸಿದೆ. ಹಳ್ಳಿಗಳಿಗೆ ತಪಾಸಣೆಗೆ ಹೋದಾಗ ಹೇಗೋ ಹಾಗೆ, ಕುರ್ಚಿ ಎಳೆದುಕೊಂಡು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು, ಮಗಳನ್ನು ಎದುರಿಗೆ ನಿಲ್ಲಿಸಿಕೊಂಡೆ. ನಿನ್ನ ಮುಂದಿನ ವಿದ್ಯಾಭ್ಯಾಸದ ವಿಷಯವಾಗಿ ಒಂದು ತೀರ್ಮಾನಕ್ಕೆ ಬರುವ ಅಗತ್ಯವಿದೆ ಎಂದು ಪೀಠಿಕೆ ಹಾಕಿದೆ. ಶಿಕ್ಷಕ ವೃತ್ತಿಯ ಮಹತ್ವವನ್ನು ಕಾಲು ಗಂಟೆ ವಿವರಿಸಿದೆ. ನಿನಗೂ ಒಪ್ಪಿಗೆ ತಾನೇ ಎಂದು ಮುಗಿಸಿದೆ.

ಶೈಲ "ಹ್ಞೂ" ಎಂದಳು.

ಒಪ್ಪಿದಳು ಎಂದು ನಾನು ಗೆದ್ದವನ ಹಾಗೆ ಅಡುಗೆಮನೆಗೆ ಹೋದೆ. ಸುಶೀಲೆ ಹಣೆ ಹಣೆ ಬಡಿದುಕೊಂಡಳು. ಅದನ್ನು ನಾನು ಆನಂದ ಎಂದು ತಿಳಿದೆ. ನಮ್ಮ ಮನೆಯಲ್ಲಿ ಮಕ್ಕಳು ಅಪ್ಪನಿಗೆ ಹ್ಞೂ ಎನ್ನುವುದು ಒಪ್ಪಿಗೆಯಲ್ಲ, ಹಾಜರಿ. ನಮ್ಮಪ್ಪನ ಮುಂದೆ ನಾನೂ ಹದಿನೆಂಟು ವರ್ಷ ಹಾಗೆ ಹಾಜರಿ ಹಾಕಿದವನೇ, ಆದರೂ ಕುರ್ಚಿಯ ಮೇಲೆ ಕೂತ ಕೂಡಲೇ ಅದು ಮರೆತುಹೋಯಿತು.

ಗೆಲುವಿನ ಸುದ್ದಿಯನ್ನು ದಸ್ತಗೀರ್ ಸಾಬರಿಗೆ ಕಾಂಪೌಂಡಿನ ಮೇಲಿಂದಲೇ ಹೇಳಿದೆ. ಅವರು ಗಡ್ಡ ಕೆರೆದುಕೊಂಡು, "ನಿಲ್ಲಿಸ್ಕೊಂಡು ಕೇಳಿದ್ರೆ ಯಾರ್ ಸಾರ್ ಬ್ಯಾಡ ಅಂತಾರೆ? ಜೊತೇಲಿ ಎಲ್ಲಾದ್ರೂ ಹೋಗಿ. ದಾರೀಲಿ ಮಾತು ತಾನಾಗೇ ಬರ್ತೈತೆ" ಎಂದರು. ಒಳ್ಳೆಯ ಸಲಹೆ ಅನ್ನಿಸಿತು. ಕೊನೆಯ ದಿನ ಅರ್ಜಿ ಕೊಡಲು ಶೈಲಳನ್ನೂ ಚಿಂತಾಮಣಿಗೆ ಕರೆದುಕೊಂಡು ಹೋಗುವುದು ಎಂದು ನಿಶ್ಚಯಿಸಿದೆ.

ಆ ದಿನ ನಾವು ಹೊರಟು ನಿಂತಾಗ ಸುಶೀಲೆ ಸ್ಲೇಟು ಹಿಡಿದುಕೊಂಡು ಅಡ್ಡ ಬಂದಳು. ಅದರ ಮೇಲೆ ಏನೋ ಬರೆದಿತ್ತು. ನನ್ನ ಕನ್ನಡಕ ಪೆಟ್ಟಿಗೆಯೊಳಗಿತ್ತು, ಪೆಟ್ಟಿಗೆ ಚೀಲದೊಳಗಿತ್ತು, ಬಸ್ಸು ಹೊರಡಲು ಹತ್ತು ನಿಮಿಷವಿತ್ತು. ಬಂದ ಮೇಲೆ ಓದುತ್ತೇನೆ ಮಾರಾಯ್ತಿ ಎಂದು ಹೇಳಿ ಅವಳನ್ನು ದಾಟಿಕೊಂಡು ನಡೆದೆ. ಅವಳು ಬೀದಿಯ ತಿರುವಿನ ತನಕ ಸ್ಲೇಟನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡು ಹಿಂದೆ ಬಂದಳಂತೆ. ನಾನು ತಿರುಗಿ ನೋಡಲಿಲ್ಲ.

ಜೊತೆಯಲ್ಲಿ ಹೋಗಿ ಎಂದ ದಸ್ತಗೀರ್ ಸಾಬರು ನಮ್ಮ ಬಸ್ಸುಗಳ ಪದ್ಧತಿಯನ್ನು ಮರೆತಿದ್ದರು. ಹೆಂಗಸರಿಗೆ ಮುಂದಿನ ಸೀಟು, ಗಂಡಸರಿಗೆ ಹಿಂದಿನದು. ಶೈಲ ಡ್ರೈವರ್ ಹಿಂದೆ ಒಬ್ಬ ಅಜ್ಜಿಯ ಪಕ್ಕ ಕೂತಳು. ನಾನು ಕಟ್ಟಕಡೆಯ ಸೀಟಿನಲ್ಲಿ, ಎರಡು ಟೊಮೇಟೊ ಬುಟ್ಟಿಗಳ ನಡುವೆ. ಅಪ್ಪ ಮಗಳ ನಡುವೆ ಐವತ್ತು ಜನ ಕೂತು, ಇಪ್ಪತ್ತು ಜನ ನಿಂತು, ಎರಡು ಕೋಳಿ.

ಬಸ್ಸು ಊರು ಬಿಟ್ಟ ಮೇಲೆ ಕನ್ನಡಕ ಹಾಕಿಕೊಂಡು ಅರ್ಜಿ ತೆಗೆದು ನೋಡಿದೆ. ಹೆಸರು, ವಿಳಾಸ, ಅಂಕ ಎಲ್ಲ ಮುದ್ದಾದ ಅಕ್ಷರದಲ್ಲಿ ತುಂಬಿದ್ದಳು. ಕೊನೆಯ ಕಾಲಂ ಮಾತ್ರ ಖಾಲಿ. ‘ಈ ವೃತ್ತಿಯನ್ನು ಆರಿಸಿಕೊಳ್ಳಲು ಕಾರಣವೇನು?’ ಅಭ್ಯರ್ಥಿ ತನ್ನ ಮಾತಿನಲ್ಲೇ ಬರೆಯತಕ್ಕದ್ದು.

ಅಷ್ಟರಲ್ಲಿ ಕಂಡಕ್ಟರ್ ಟಿಕೆಟ್ ಹರಿಯುತ್ತಾ ಬಂದ. ಮುಂದೆ ಕೂತಿರುವ ಹಸಿರು ದಾವಣಿಯ ಹುಡುಗಿ ನನ್ನ ಮಗಳು, ಟೀಚರ್ ಆಗಲು ಕಾರಣವೇನು ಎಂದು ಸ್ವಲ್ಪ ಕೇಳಿಕೊಂಡು ಬರುತ್ತೀಯಾ ಎಂದು ವಿನಂತಿಸಿದೆ. ನನಗೆ ಇದು ಸಹಜ ಅನ್ನಿಸಿತು. ಮನೆಯಲ್ಲಿ ಸುಶೀಲೆ ಮಾಡುತ್ತಿದ್ದ ಕೆಲಸ, ಬಸ್ಸಿನಲ್ಲಿ ಕಂಡಕ್ಟರ್ ಮಾಡುತ್ತಾನೆ. ಪಾಪ, ಅವನು ಒಳ್ಳೆಯವನು. ಜನರನ್ನು ತಳ್ಳಿಕೊಂಡು ಮುಂದೆ ಹೋದ. ಆದರೆ ಸುಶೀಲೆ ಮಾತನ್ನು ಮೆಲ್ಲಗೆ ದಾಟಿಸುತ್ತಿದ್ದಳು, ಇವನು ಸ್ಟಾಪ್ ಕೂಗುವ ದನಿಯಲ್ಲಿ ದಾಟಿಸಿದ.

"ಏನಮ್ಮಾ, ನೀನು ಟೀಚರ್ ಯಾಕ್ ಆಗ್ತಿದೀಯಾ ಅಂತ ನಿಮ್ಮಪ್ಪ ಹಿಂದಿಂದ ಕೇಳ್ತಾವ್ರೆ!"

ಬಸ್ಸಿನಲ್ಲಿದ್ದವರೆಲ್ಲ ಉತ್ತರ ಹೇಳಲು ಶುರು ಮಾಡಿದರು. ರಜಾ ಜಾಸ್ತಿ ಅಂತ ಬರೆದುಕೊಳ್ಳಿ ಸಾರ್ ಎಂದು ಟೊಮೇಟೊ ಬುಟ್ಟಿಯವನು ಸಲಹೆ ಕೊಟ್ಟ. ದೇಶಸೇವೆ ಎಂದು ಬರೆದರೆ ಸೀಟು ಗ್ಯಾರಂಟಿ ಎಂದ ಇನ್ನೊಬ್ಬ. ಮೇಷ್ಟರಿಗೆ ವರ್ಗ ಬಹಳ, ನರ್ಸು ಮಾಡಿಸಿ ಎಂದು ಮಧ್ಯದ ಸೀಟಿನಿಂದ ಬಂತು. ಕಂಡಕ್ಟರ್ ಅಲ್ಲಿಂದಲೇ ಕೂಗಿದ, ಹುಡುಗಿ ಕಿಟಕಿ ಕಡೆ ನೋಡ್ತಾ ಐತೆ ಸಾರ್ ಎಂದು.

ಇನ್ನೊಂದು ಸಲ ಕೇಳಪ್ಪ, ಐದು ಗಂಟೆಯೊಳಗೆ ಅರ್ಜಿ ಕೊಡಬೇಕು ಎಂದೆ. ಅಷ್ಟರಲ್ಲಿ ಶೈಲಳ ಪಕ್ಕದ ಅಜ್ಜಿ ಎದ್ದು ನಿಂತು ಇಡೀ ಬಸ್ಸಿಗೆ ತೆಲುಗಿನಲ್ಲಿ ಹೇಳಿದಳು: "ಪಿಲ್ಲ ಏಡುಸ್ತಾ ಉಂದಯ್ಯಾ!"

ನಮ್ಮ ಸೀಮೆಯ ಬಸ್ಸಿನಲ್ಲಿ ಅದನ್ನು ಕನ್ನಡಕ್ಕೆ ತಿರುಗಿಸುವ ಅಗತ್ಯವಿಲ್ಲ. ಹುಡುಗಿ ಅಳುತ್ತಿದ್ದಾಳೆ ಎಂಬುದು ಎಲ್ಲರಿಗೂ ಗೊತ್ತಾಯಿತು. ಎಪ್ಪತ್ತು ತಲೆಗಳು ನನ್ನ ಕಡೆ ತಿರುಗಿದವು. ಡ್ರೈವರ್ ಕನ್ನಡಿಯನ್ನು ಸರಿಮಾಡಿಕೊಂಡು ನನ್ನನ್ನೇ ನೋಡತೊಡಗಿದ. ನಡುವೆ ಹತ್ತಿದವರಿಗೆ ಪೂರ್ವಾಪರ ಗೊತ್ತಿರಲಿಲ್ಲ, ಅಪ್ಪ ಏನೋ ಕೇಳುತ್ತಿದ್ದಾನೆ, ಮಗಳು ಅಳುತ್ತಿದ್ದಾಳೆ, ಚಿಂತಾಮಣಿಗೆ ಕರೆದೊಯ್ಯುತ್ತಿದ್ದಾನೆ ಎಂದಷ್ಟೇ ಸಿಕ್ಕಿತು. ಉಳಿದದ್ದನ್ನು ಅವರೇ ತುಂಬಿಕೊಂಡರು. ಬಸ್ಸು ಇನ್ನೆರಡು ಸ್ಟಾಪು ದಾಟುವ ಹೊತ್ತಿಗೆ ಅದು ಮದುವೆಯಾಗಿತ್ತು! ಗಂಡು ಯಾವೂರು, ಎರಡನೇ ಸಂಬಂಧವಾ ಎಂದು ಕೇಳಿದರು. ದಪ್ಪ ಮೀಸೆಯ ಒಬ್ಬರು ನನ್ನ ಭುಜದ ಮೇಲೆ ಕೈಯಿಟ್ಟು, ಇಷ್ಟು ಎಳೇ ಹುಡುಗಿಯನ್ನು ಅಳಿಸಿಕೊಂಡು ಧಾರೆ ಎರೆದರೆ ಒಳ್ಳೇದಾಗುತ್ತೇನ್ರೀ, ಓದಿದವರ ಹಾಗೆ ಕಾಣುತ್ತೀರಿ ಎಂದರು. ಕೋಳಿ ಹಿಡಿದಿದ್ದವನು, ಬಸ್ಸನ್ನು ಸೀದಾ ಪೊಲೀಸ್ ಸ್ಟೇಷನ್ನಿಗೆ ಬಿಡಬಹುದು ಎಂದು ಡ್ರೈವರಿಗೆ ಸೂಚಿಸಿದ.

ನಾನು ಸೀಟಿನ ಮೇಲೆ ಹತ್ತಿ ನಿಂತೆ. ಮಹಾಜನರೇ, ಇದು ಮದುವೆಯಲ್ಲ, ಟಿ.ಸಿ.ಎಚ್. ಎಂದು ಕೂಗಿದೆ. ಅರ್ಜಿಯನ್ನು ಎತ್ತಿ ತೋರಿಸಿದೆ. ಬಸ್ಸು ಹಳ್ಳಕ್ಕೆ ಇಳಿಯಿತು, ನನ್ನ ತಲೆ ಮೇಲಿನ ಕಂಬಿಗೆ ಬಡಿಯಿತು, ನಾನು ಟೊಮೇಟೊ ಬುಟ್ಟಿಯೊಳಗೆ ಕೂತೆ.

ಆಗ ಮುಂದೆ ಶೈಲ ಎದ್ದು ನಿಂತಳು. ಕಂಬಿ ಹಿಡಿದುಕೊಂಡು ಹಿಂದಕ್ಕೆ ತಿರುಗಿದಳು. ಕಣ್ಣು ಕೆಂಪಾಗಿತ್ತು. ಅಷ್ಟು ಜನರ ತಲೆಯ ಮೇಲಿಂದ ನನ್ನನ್ನೇ ನೋಡಿಕೊಂಡು ಹೇಳಿದಳು.

"ಅಪ್ಪ, ನಂಗೆ ಟೀಚರ್ ಆಗಕ್ಕೆ ಇಷ್ಟ ಇಲ್ಲ. ನಂಗೆ ಜನರ ಮುಂದೆ ನಿಂತ್ಕೊಂಡು ಮಾತಾಡಕ್ಕೆ ಬರಲ್ಲ. ಮನೇಲಿ ನಿಮ್ಮೊಬ್ಬರ ಮುಂದೇನೇ ಬರಲ್ಲ. ಐವತ್ತು ಮಕ್ಕಳ ಮುಂದೆ ಏನ್ ಮಾತಾಡ್ಲಿ ನಾನು?"

ಅವಳ ಪಕ್ಕದ ಅಜ್ಜಿ ಗಲ್ಲಕ್ಕೆ ಕೈಯಿಟ್ಟುಕೊಂಡು, "ಎಂತ ಬಾಗಾ ಮಾಟ್ಲಾಡಿಂದಿ!" ಎಂದಳು. ಎಷ್ಟು ಚೆನ್ನಾಗಿ ಮಾತಾಡಿದಳು ಎಂದು. ನಿಜ, ನಾನೂ ನನ್ನ ಮಗಳ ದನಿಯಲ್ಲಿ ನಾಲ್ಕು ವಾಕ್ಯ ಒಟ್ಟಿಗೆ ಕೇಳಿದ್ದು ಬಹಳ ವರ್ಷಗಳ ಮೇಲೆ ಅದೇ ಮೊದಲು. ಆ ದನಿ ಸುಶೀಲೆಯದರ ಹಾಗಿದೆ ಎಂದುಕೊಂಡಿದ್ದೆ. ಇಲ್ಲ, ನನ್ನ ಅಮ್ಮನದರ ಹಾಗಿತ್ತು. ನನಗೆ ನಾಚಿಕೆಯಾಯಿತು. ತಲೆಗೆ ಪೆಟ್ಟಾಗಿದ್ದರಿಂದ ಕಣ್ಣಲ್ಲಿ ನೀರು ಬಂತು ಎಂದು ಪಕ್ಕದವರಿಗೆ ಹೇಳಿದೆ.

ಚಿಂತಾಮಣಿ ಬಸ್ ಸ್ಟಾಂಡಿನಲ್ಲಿ ಇಳಿದಾಗ ನನ್ನ ಪಂಚೆಯ ಹಿಂಭಾಗ ಕೆಂಪಗಿತ್ತು. ಶೈಲ ನಾಲ್ಕು ಮಾರು ದೂರ ನಿಂತಿದ್ದಳು, ಈಗ ಬೈಗುಳ ಬೀಳುತ್ತದೆ ಎಂದು ತಲೆ ತಗ್ಗಿಸಿಕೊಂಡು. ಮಾತು ಬಾರದ ಕಡೆ ಕೈಯಾದರೂ ಏನಾದರೂ ಮಾಡಲಿ ಎಂದು, ಅರ್ಜಿಯಿದ್ದ ಲಕೋಟೆಯನ್ನು ಅವಳ ಮುಂದೆ ಹಿಡಿದು, ನಾಟಕದ ರಾಜನ ಗತ್ತಿನಲ್ಲಿ ಚರ್ರನೆ ಎರಡು ತುಂಡಾಗಿ ಹರಿದೆ. "ಬೇಡ ಅಂದ್ರೆ ಬೇಡ ಬಿಡಮ್ಮ" ಎಂದೆ.

ಶೈಲ ಮೊದಲು ಬೆರಗಾದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು, "ಅಪ್ಪ, ಮಾರ್ಕ್ಸ್ ಕಾರ್ಡು" ಎಂದಳು.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಆ ಲಕೋಟೆಯೊಳಗೇ ಇತ್ತು. ಅಸಲು ಪ್ರತಿ! ನನ್ನ ಎಡಗೈಯಲ್ಲಿ ಕನ್ನಡ, ಇಂಗ್ಲಿಷ್, ಗಣಿತ. ಬಲಗೈಯಲ್ಲಿ ವಿಜ್ಞಾನ, ಸಮಾಜ ಮತ್ತು ಮಂಡಳಿಯ ಮೊಹರು.

ಬಸ್ ಸ್ಟಾಂಡಿನ ಪಕ್ಕದ ಪುಸ್ತಕದಂಗಡಿಯವರು ಇಂಥ ತಂದೆಯರನ್ನು ಮೊದಲೂ ಕಂಡಿರಬೇಕು. ಏನೂ ಕೇಳದೆ ಒಂದು ಬಾಟ್ಲಿ ಗೋಂದು, ಒಂದು ಹಾಳೆ ಬಟರ್ ಪೇಪರ್ ಕೊಟ್ಟು, ಅಂಗಡಿಯ ಬೆಂಚು ತೋರಿಸಿದರು. ನಾನು ಕೈ ಹಾಕಿದೆ. ನನ್ನ ಹೆಬ್ಬೆರಳು ವಿಜ್ಞಾನಕ್ಕೆ ಅಂಟಿಕೊಂಡಿತು. ಬಿಡಿ ಅಪ್ಪ ಎಂದು ಶೈಲ ಅದನ್ನು ಬಿಡಿಸಿ ತಾನೇ ಕೂತಳು. ನಾನು ಎರಡು ತುಂಡುಗಳನ್ನು ಅದುಮಿ ಹಿಡಿದೆ. ಅವಳು ಬಗ್ಗಿ, ಉಸಿರು ಬಿಗಿಹಿಡಿದು, ಹರಿದ ಅಂಚಿನ ಒಂದೊಂದು ಎಳೆಯನ್ನೂ ಅದರದರ ಜಾಗಕ್ಕೆ ಕೂರಿಸುತ್ತಾ ಬಂದಳು. ಅಷ್ಟು ಸೂಕ್ಷ್ಮವಾದ ಕೈ ಅವಳಿಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಒಬ್ಬರ ಮುಖ ಒಬ್ಬರು ನೋಡುವ ಅಗತ್ಯವಿಲ್ಲದ್ದರಿಂದಲೋ ಏನೋ, ಹಾಗಾದರೆ ನಿನಗೇನು ಓದುವ ಆಸೆಯಮ್ಮ ಎಂಬ ಮಾತು ನನ್ನ ಬಾಯಿಂದ ಸಲೀಸಾಗಿ ಬಂತು.

ಅವಳೂ ತಲೆ ಎತ್ತದೆ ಹೇಳಿದಳು. "ಪಿಯುಸಿ ಸೈನ್ಸು. ಮೈಕ್ರೋಸ್ಕೋಪಲ್ಲಿ ನೋಡೋ ಕೆಲಸ. ನೀವು ತೋರಿಸಿದ್ರಲ್ಲ, ಅದು."

ನಾನು ಯಾವಾಗ ತೋರಿಸಿದೆ ಎಂದು ಕೇಳಿದೆ.

ಆಗ ಅವಳು ಹೇಳಿದಳು. ಅವಳಿಗೆ ಆರು ವರ್ಷವಿದ್ದಾಗ ಒಂದು ದಿನ ಅವಳನ್ನು ಇಲಾಖೆಯ ಮೊಟ್ಟೆ ತಯಾರಿಸುವ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆನಂತೆ. ಅಲ್ಲಿ ಮೊಟ್ಟೆಯಿಟ್ಟ ಚಿಟ್ಟೆಗೆ ರೋಗವಿದೆಯೇ ಎಂದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ನಾನು ಅವಳನ್ನು ಸ್ಟೂಲಿನ ಮೇಲೆ ಹತ್ತಿಸಿ, ಒಂದು ಕಣ್ಣು ಮುಚ್ಚಲು ಬಾರದ್ದಕ್ಕೆ ನನ್ನ ಅಂಗೈಯಿಂದಲೇ ಅವಳ ಕಣ್ಣು ಮುಚ್ಚಿ, ಅಗೋ ಎಳ್ಳುಕಾಳಿನ ಹಾಗೆ ಹೊಳೆಯುತ್ತದೆ ನೋಡು, ಅದೇ ರೋಗ, ಅದು ಕಾಣಿಸಿದರೆ ಆ ಮೊಟ್ಟೆ ಸುಟ್ಟುಬಿಡಬೇಕು, ಇಲ್ಲದಿದ್ದರೆ ಯಾರೋ ಬಡವರ ಮನೆಯ ಹುಳುವೆಲ್ಲ ಸಾಯುತ್ತದೆ ಎಂದೆಲ್ಲ ಹೇಳಿದ್ದೆನಂತೆ. ನಾನು ಅವತ್ತು ಹೇಳಿದ ಒಂದೊಂದು ಮಾತೂ ಅವಳಿಗೆ ನೆನಪಿತ್ತು. ಹಾಕಿಕೊಂಡಿದ್ದ ಅಂಗಿಯ ಬಣ್ಣವೂ ನೆನಪಿತ್ತು. ನನಗೆ ಅಂಥದ್ದೊಂದು ದಿನ ಇತ್ತು ಎಂಬುದೇ ನೆನಪಿರಲಿಲ್ಲ.

"ಅವತ್ತು ತುಂಬಾ ಹೊತ್ತು ಮಾತಾಡಿದ್ರಿ ಅಪ್ಪ ನನ್ನ ಜೊತೆ" ಎಂದಳು ಶೈಲ. ದೂರಿನ ದನಿಯಲ್ಲಲ್ಲ. ಹಬ್ಬದ ದಿನವನ್ನು ನೆನೆಸಿಕೊಳ್ಳುವ ಹಾಗೆ ಹೇಳಿದಳು. ಹತ್ತು ವರ್ಷ ಅವಳು ಆ ಒಂದು ಮಧ್ಯಾಹ್ನವನ್ನೇ ಇಟ್ಟುಕೊಂಡು ಕಾಲ ಹಾಕಿದ್ದಳು. ನಾನು ಹೆಡ್ಮಾಸ್ತರರ ಸಭೆಯಲ್ಲಿ ಮೇಜು ಗುದ್ದಿದ್ದನ್ನು ಅವಳು ಕೊನೆಯ ಸಾಲಿನಲ್ಲಿ ಕೂತು ಕೇಳಿದ್ದಳು ಎಂಬುದು ಆಗ ನೆನಪಾಗಿ, ಗೋಂದಿನ ಬಾಟ್ಲಿಯೊಳಗೆ ಇಳಿದುಬಿಡೋಣ ಅನ್ನಿಸಿತು.

ಅಂಕಪಟ್ಟಿ ಒಣಗಲು ಒಂದು ಗಂಟೆ ಬೇಕಾಯಿತು. ಆ ಹೊತ್ತಿನಲ್ಲಿ ನಾವು ಇಡ್ಲಿ ತಿಂದೆವು. ಏನೇನು ಮಾತಾಡಿದೆವು ಎಂದು ಕೇಳಿದರೆ ಹೇಳುವುದು ಕಷ್ಟ. ಅವಳಿಗೆ ಇಡ್ಲಿಗಿಂತ ದೋಸೆ ಇಷ್ಟ ಎಂದು ತಿಳಿಯಿತು. ನನಗೆ ಸದಾ ತಲೆನೋವು ಇಲ್ಲ ಎಂದು ಅವಳಿಗೆ ತಿಳಿಯಿತು. ಮುಂದಿನ ವಾರ ಪಿಯುಸಿಗೆ ಸೇರಿಸಲು ಹೋದಾಗ ಅಲ್ಲಿನ ಗುಮಾಸ್ತರು ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು, ಇದೇಕೆ ಹೀಗೆ ಎಂದು ಗದರಿದರು. ನಾನು ಇಲಿಯನ್ನೋ ಮಳೆಯನ್ನೋ ದೂರೋಣ ಎಂದು ಬಾಯಿ ತೆರೆಯುವಷ್ಟರಲ್ಲಿ, "ನಮ್ಮಪ್ಪ ಹರಿದ್ರು ಸಾರ್" ಎಂದು ಶೈಲ ಸ್ಪಷ್ಟವಾಗಿ ಹೇಳಿದಳು. ಜನರ ಮುಂದೆ ಮಾತಾಡುವುದು ಅವಳಿಗೆ ಅಷ್ಟರಲ್ಲೇ ಅಭ್ಯಾಸವಾಗಿಬಿಟ್ಟಿತ್ತು.

ಆದರೆ ಅಂದು ಸಂಜೆ ಚಿಂತಾಮಣಿಯಿಂದ ಮನೆಗೆ ಬಂದಾಗ ಇನ್ನೊಂದು ಬಾಕಿಯಿತ್ತು. ಸುಶೀಲೆ ಬಾಗಿಲಲ್ಲೇ ಕೂತಿದ್ದಳು. ಸ್ಲೇಟನ್ನು ಕ್ಯಾಲೆಂಡರಿನ ಮೊಳೆಗೆ, ನನ್ನ ಕುರ್ಚಿಗೆ ಎದುರಾಗಿ ನೇತುಹಾಕಿದ್ದಳು. ಬೆಳಗ್ಗೆ ಬರೆದದ್ದು ಒಂದಕ್ಷರವೂ ಅಳಿಸಿರಲಿಲ್ಲ. ಕನ್ನಡಕ ಹಾಕಿಕೊಂಡು ಓದಿದೆ. ‘ಅದು ಒಪ್ಪಿಗೆಯಲ್ಲ. ಅವಳಿಗೆ ಸೈನ್ಸ್ ಬೇಕು.’

ಎಪ್ಪತ್ತು ಜನ, ಒಂದು ಕಂಬಿ, ಒಂದು ಬುಟ್ಟಿ ಟೊಮೇಟೊ, ಒಂದು ಅಂಕಪಟ್ಟಿ. ನಾನು ಅರ್ಧ ನಿಮಿಷ ನಿಂತು ಆ ಎರಡು ಸಾಲು ಓದಿದ್ದರೆ ಎಲ್ಲವೂ ಉಳಿಯುತ್ತಿತ್ತು. ಸುಶೀಲೆಗೆ ಬೈಯಲು ಗಂಟಲಿರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಅವಳು ಉಳಿದ ದಿನಗಳೆಲ್ಲ ಆ ಸ್ಲೇಟನ್ನು ಅಲ್ಲಿಂದ ತೆಗೆಯಲಿಲ್ಲ, ನನಗೆ ಬೇರೆ ಏನನ್ನೂ ಬರೆಯಲೂ ಇಲ್ಲ.

ಹನ್ನೊಂದನೆಯ ದಿನ ಬೆಳಗ್ಗೆ ಅವಳ ಗಂಟಲು ತೆರೆಯಿತು. ದಸ್ತಗೀರ್ ಸಾಬರ ಹೆಂಡತಿಯ ಜೊತೆ ಕಾಂಪೌಂಡಿನ ಹತ್ತಿರ ಮಾತಾಡುತ್ತಿದ್ದುದು ಕೇಳಿಸಿತು. ನಾನು ರಾತ್ರಿಯೆಲ್ಲ ಯೋಚಿಸಿ ಸಿದ್ಧನಾಗಿದ್ದೆ. ಮಗಳ ಜೊತೆ ಬಾಯಿಬಿಟ್ಟು ಮಾತಾಡಲು ಕಲಿತವನಿಗೆ ಹೆಂಡತಿಯ ಹತ್ತಿರ ಕ್ಷಮೆ ಕೇಳುವುದೇನು ದೊಡ್ಡ ವಿಷಯ? ಇಷ್ಟು ವರ್ಷ ನಮ್ಮಿಬ್ಬರ ಮಾತನ್ನೂ ಹೊತ್ತು ಗಂಟಲು ಕಳೆದುಕೊಂಡವಳು. ಅವಳು ಹೇಳಬೇಕೆಂದಿದ್ದ ಒಂದು ಮಾತನ್ನು ನಾನು ಓದಲಿಲ್ಲ. ಇದನ್ನೆಲ್ಲ ನೇರವಾಗಿ, ಚೊಕ್ಕವಾಗಿ ಹೇಳುವುದೆಂದು ಅಡುಗೆಮನೆಗೆ ಹೋದೆ.

ಸುಶೀಲೆ ನೆಲದ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು. ಶೈಲ ಪಕ್ಕದಲ್ಲಿ ಕೂತು ನಾರು ತೆಗೆಯುತ್ತಿದ್ದಳು. ನಾನು ಕೆಮ್ಮಿದೆ. ಸುಶೀಲೆ ತಲೆ ಎತ್ತಲಿಲ್ಲ. ಇನ್ನೊಂದು ಸಲ ಕೆಮ್ಮಿದೆ.

"ಶೈಲಾ," ಎಂದೆ, "ಅಪ್ಪನದು ತಪ್ಪಾಯ್ತು ಅಂತ ನಿಮ್ಮಮ್ಮನಿಗೆ ಹೇಳಮ್ಮ."

ಶೈಲ ನನ್ನ ಮುಖವನ್ನು ನೋಡಿದಳು. ನಗು ತಡೆದುಕೊಂಡು ಸುಶೀಲೆಯ ಕಡೆ ತಿರುಗಿದಳು. "ಅಮ್ಮ, ತಪ್ಪಾಯ್ತು ಅಂತಿದಾರೆ ಅಪ್ಪ."

ಸುಶೀಲೆ ಒಂದು ಹುರುಳಿಕಾಯಿಯನ್ನು ಪೂರ್ತಿ ಬಿಡಿಸಿ ಮುಗಿಸಿದಳು.

"ಇನ್ನೊಂದ್ಸಲ ಹೇಳಕ್ಕೆ ಹೇಳು" ಎಂದಳು.

ನನಗೂ ಸುಶೀಲೆಗೂ ನಡುವೆ ಎರಡು ಮೊಳ ಜಾಗವಿತ್ತು. ನಾನು ಇನ್ನೊಂದು ಸಲ ಹೇಳಿದೆ, ಶೈಲಳಿಗೆ.